ಅನಿಮಿಷನ ಕಣ್ಣು

ಮನೆಗೆ ಬರುವ ಅತಿಥಿಗಳಲ್ಲಿ ಮೂರು ಬಗೆ. ಹೇಳಿ ಬರುವವರು ಒಂದು ಬಗೆ, ಹೇಳದೆ ಬರುವವರು ಇನ್ನೊಂದು ಬಗೆ. ಬೇರೆ ಯಾರೋ ತಂದು ಬಿಟ್ಟುಹೋದುದರಿಂದ ನಮ್ಮ ಪಾಲಿಗೆ ಬಂದವರು ಮೂರನೆಯ ಬಗೆ. ಮೊದಲೆರಡು ಬಗೆಯವರು ಎಂದಾದರೊಂದು ದಿನ ಚೀಲ ಕಟ್ಟಿಕೊಂಡು ಹೊರಡುತ್ತಾರೆ. ಮೂರನೆಯವರು ಹೊರಡುವುದಿಲ್ಲ. ನಮ್ಮ ಮನೆಯ ಜಗಲಿಯಲ್ಲಿ ಈಗ ಎರಡು ವರ್ಷಗಳಿಂದ ಬಿಡಾರ ಹೂಡಿರುವ ಅತಿಥಿ ಈ ಮೂರನೆಯ ಬಗೆಗೆ ಸೇರಿದವನು. ಅವನಿಗೆ ಕೈಕಾಲುಗಳಿಲ್ಲ, ಮಾತಿಲ್ಲ, ರೆಪ್ಪೆಯಿಲ್ಲ. ಅವನೊಂದು ಮೀನು.

ನಮ್ಮದು ಹುಲೇಕಲ್. ಶಿರಸಿಗೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ನಾನು ದಿನವೂ ಆ ದಾರಿಯಲ್ಲಿ ಹೋಗಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ, ಸಂಜೆ ಅದೇ ದಾರಿಯಲ್ಲಿ ಮರಳುತ್ತೇನೆ. ಮನೆಯಲ್ಲಿ ಆಯಿ, ನನ್ನಾಕೆ, ಏಳು ವರ್ಷದ ಮಗಳು. ಹಿಂದೆ ತಂದೆಯವರು ನೋಡಿಕೊಳ್ಳುತ್ತಿದ್ದ ಒಂದಿಷ್ಟು ಅಡಿಕೆ ತೋಟ. ನನ್ನ ತಮ್ಮ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದವನು ಹೊರದೇಶಕ್ಕೆ ಹೊರಟ. ಹೊರಡುವ ಮುನ್ನ ತನ್ನ ಬಾಡಿಗೆ ಮನೆಯ ಸಾಮಾನುಗಳನ್ನೆಲ್ಲ ಮಾರಿದ. ಮಾರಲು ಮನಸ್ಸಾಗದ ಒಂದನ್ನು ಮಾತ್ರ ಮುಚ್ಚಳವಿದ್ದ ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನಲ್ಲಿಟ್ಟು, ಗಾಳಿಯ ಪಂಪು ಹಚ್ಚಿ, ರಾತ್ರಿಯೆಲ್ಲ ಕಾರು ಓಡಿಸಿಕೊಂಡು ನಮ್ಮ ಅಂಗಳಕ್ಕೆ ತಂದಿಳಿಸಿದ. ಹಿಂದಿನಿಂದ ಒಂದು ಟೆಂಪೋದಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯೂ ಬಂತು.

“ಮನೆಯೊಳಗೆ ಮೀನು ತಂದ್ರಾ? ಎಂತಾ ಕಾಲ ಬಂತು!” ಎಂದು ಆಯಿ ಹೊಸ್ತಿಲಲ್ಲಿಯೇ ನಿಂತಳು. ಹವ್ಯಕರ ಮನೆಯ ಜಗಲಿಗೆ ಒಂದಡಿ ಉದ್ದದ ಮೀನು ಬರುವುದೆಂದರೆ ಸಾಮಾನ್ಯ ಸಂಗತಿಯಲ್ಲ. “ಇದು ತಿನ್ನುವ ಮೀನಲ್ಲ ಆಯಿ, ಸಾಕುವ ಮೀನು” ಎಂದು ತಮ್ಮ ಸಮಾಧಾನ ಹೇಳಿದ. ಬಾವಿಯಲ್ಲಿ ಸೊಳ್ಳೆಮರಿ ತಿನ್ನಲೆಂದು ಮೀನು ಬಿಡುವುದಿಲ್ಲವೇ, ಶೃಂಗೇರಿಗೆ ಹೋದಾಗ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿ ಕೈ ಮುಗಿಯುವುದಿಲ್ಲವೇ ಎಂದು ನಾನೂ ಸೇರಿಸಿದೆ. ಶೃಂಗೇರಿಯ ಹೆಸರು ಬಂದುದರಿಂದ ಆಯಿ ಸ್ವಲ್ಪ ಮೆತ್ತಗಾದಳು. ಆದರೂ ತೊಟ್ಟಿಯು ಜಗಲಿಯನ್ನು ದಾಟಿ ಒಳಗೆ ಬರಕೂಡದೆಂದು ಶರತ್ತು ಹಾಕಿದಳು.

ಆ ಮೀನಿಗೆ ಪೇಟೆಯಲ್ಲಿ ಆಸ್ಕರ್ ಎಂದು ಹೆಸರು. ಮೂಲ ದೇಶ ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಸೀಮೆ. ಅಂಗಡಿಯಲ್ಲಿ ಕೊಳ್ಳುವಾಗ ಎರಡು ಅಂಗುಲದ ಮುದ್ದಾದ ಮರಿ. ವರ್ಷ ತುಂಬುವಷ್ಟರಲ್ಲಿ ಅಡಿಯುದ್ದ ಬೆಳೆದು, ಕೊಂಡವನ ತೊಟ್ಟಿಯನ್ನೂ ಉತ್ಸಾಹವನ್ನೂ ಏಕಕಾಲಕ್ಕೆ ಮೀರಿಬಿಡುತ್ತದೆ. ಬೆಳೆದ ಒಂದು ಆಸ್ಕರಿಗೆ ೩೦೦ ಲೀಟರಿನಷ್ಟಾದರೂ ನೀರು ಬೇಕೆಂದು ಬಲ್ಲವರು ಹೇಳುತ್ತಾರೆ. ೧೮೩೧ರಲ್ಲಿ ಈ ಜಾತಿಯನ್ನು ವರ್ಣಿಸಿದ ಅಗಾಸಿಜ್ ಎಂಬ ಪ್ರಾಣಿವಿಜ್ಞಾನಿ ಇದಕ್ಕೆ ‘ಓಸೆಲ್ಲಾಟಸ್’ ಎಂಬ ವಿಶೇಷಣವನ್ನು ಕೊಟ್ಟ. ಲ್ಯಾಟಿನ್ ಭಾಷೆಯಲ್ಲಿ ಹಾಗೆಂದರೆ ಪುಟ್ಟ ಕಣ್ಣುಗಳುಳ್ಳದ್ದು ಎಂದರ್ಥ. ಮುಖದ ಕಣ್ಣುಗಳಿಗೆ ಸಂದ ಹೆಸರಲ್ಲ ಇದು. ಬಾಲದ ಬುಡದಲ್ಲಿ ಕಿತ್ತಳೆಯ ಉಂಗುರ ಸುತ್ತಿದ ಒಂದು ಕಪ್ಪು ಬೊಟ್ಟಿದೆ. ದೂರದಿಂದ ನೋಡಿದರೆ ಥೇಟು ಕಣ್ಣು. ಕಚ್ಚಲು ಬಂದ ಶತ್ರುವಿಗೆ ತಲೆ ಯಾವುದು ಬಾಲ ಯಾವುದು ಎಂದು ತಿಳಿಯದಂತೆ ಮಾಡುವ ಉಪಾಯವಿದು ಎಂದು ಊಹೆ. ಶಬ್ದಗಳ ಬೆನ್ನು ಹತ್ತುವುದೇ ಕಸುಬಾದ ನನಗೆ ಮೀನಿಗಿಂತ ಮೊದಲು ಮೀನಿನ ಹೆಸರು ಮೆಚ್ಚಿಗೆಯಾಯಿತು.

ಮಗಳು ಅದಕ್ಕೆ ಭೀಮನೆಂದು ಹೆಸರಿಟ್ಟಳು. ಊಟದ ರೀತಿಯನ್ನು ನೋಡಿದರೆ ಹೆಸರು ಸಾರ್ಥಕವೇ ಆಗಿತ್ತು. ಮೈಯೆಲ್ಲ ಕಾಡಿಗೆಗಪ್ಪು, ಅದರ ಮೇಲೆ ಕೆಂಡ ಚೆಲ್ಲಿದಂತೆ ಕೆಂಪು ಕಿತ್ತಳೆಯ ಗೀರುಗಳು. ಆಯಿ ಮಾತ್ರ ಮೊದಲ ದಿನದಿಂದಲೂ ಅದನ್ನು ಕರಿಯ ಎಂದೇ ಕರೆದಳು. ಅಜ್ಜಿಯರು ಮೊಮ್ಮಕ್ಕಳಿಗೆ ತಮ್ಮದೇ ಒಂದು ಹೆಸರಿಡುವುದುಂಟಲ್ಲ, ಇದೂ ಹಾಗೆಯೇ ಎಂದು ನಾವು ನಕ್ಕೆವು.

“ಅದಕ್ಕೆ ತಿಂಬಲೆ ಎಂತ ಹಾಕವು?” ಎಂಬ ಪ್ರಶ್ನೆ ಎರಡನೆಯ ದಿನವೇ ಬಂತು. ತಮ್ಮ ಬಿಟ್ಟುಹೋದ ಡಬ್ಬಿಯಲ್ಲಿ ಒಣ ಗುಳಿಗೆಗಳಿದ್ದವು. ಅವುಗಳಲ್ಲಿ ಮುಖ್ಯವಾದ ವಸ್ತು ಮೀನಿನ ಪುಡಿ. ಧಾನ್ಯದ ಗುಳಿಗೆ ಎಂದು ನಾನು ಆಯಿಗೆ ಒಂದು ಸುಳ್ಳು ಹೇಳಿದೆ. ಪೂರ್ತಿ ಸುಳ್ಳೇನೂ ಅಲ್ಲ, ಅದರಲ್ಲಿ ಗೋದಿಹಿಟ್ಟೂ ಇತ್ತು. ಅಶ್ವತ್ಥಾಮನ ಸುದ್ದಿ ಹೇಳಿದ ಧರ್ಮರಾಯನ ನೆನಪಾಗಿ ಅಳುಕಿತಾದರೂ ದಿನ ಕಳೆದಂತೆ ಅಳುಕು ಹೋಯಿತು. ಆಯಿಯೇ ಬೆಳಗಿನ ಹೂವು ಕೊಯ್ದು ಬಂದವಳು, ಎಣಿಸಿ ಆರು ಗುಳಿಗೆಗಳನ್ನು ಹಾಕತೊಡಗಿದಳು. ಅವಳ ಹೆಜ್ಜೆಯ ಸಪ್ಪಳ ಜಗಲಿಯಲ್ಲಿ ಕೇಳಿಸಿದೊಡನೆ ಭೀಮ ಗಾಜಿಗೆ ಮುಖವೊತ್ತಿ ಬಾಲವಾಡಿಸುತ್ತಿದ್ದ. ಆಸ್ಕರ್ ಮೀನುಗಳು ಸಾಕಿದವರ ಗುರುತು ಹಿಡಿಯುವುದಕ್ಕೆ ಹೆಸರಾದವು. ನೀರಿನ ನಾಯಿ ಎಂದು ಅವನ್ನು ಕರೆಯುವವರಿದ್ದಾರೆ. ನಾನು ಹೋದರೆ ಭೀಮ ತಿರುಗಿ ನೋಡುತ್ತಿದ್ದನಷ್ಟೆ, ಏಳುತ್ತಿರಲಿಲ್ಲ.

ನಾನು ಅವನ ಕಡೆ ಅಷ್ಟು ಲಕ್ಷ್ಯ ಕೊಡುತ್ತಿರಲಿಲ್ಲವೆಂಬುದೂ ನಿಜ. ಆದರೆ ತರಗತಿಯಲ್ಲಿ ಅವನಿಂದ ಉಪಕಾರವಾಯಿತು. ನಳೋಪಾಖ್ಯಾನದ ಪ್ರಸಂಗ ಬಂದಿತ್ತು. ಸ್ವಯಂವರದಲ್ಲಿ ಐವರು ನಳರು ಸಾಲಾಗಿ ಕುಳಿತಾಗ ದಮಯಂತಿಯು ದೇವತೆಗಳನ್ನು ಗುರುತಿಸಿದ್ದು ಅವರು ರೆಪ್ಪೆ ಬಡಿಯುವುದಿಲ್ಲವೆಂಬ ಕುರುಹಿನಿಂದ. ದೇವತೆಗಳಿಗೆ ಅನಿಮಿಷರೆಂದು ಹೆಸರು. ಅದೇ ಅನಿಮಿಷ ಶಬ್ದಕ್ಕೆ ಸಂಸ್ಕೃತದಲ್ಲಿ ಮೀನು ಎಂದೂ ಅರ್ಥವುಂಟು. ಮೀನಿಗೂ ದೇವರಿಗೂ ರೆಪ್ಪೆಯಿಲ್ಲ ಎಂದು ನಾನು ವಿವರಿಸಿದೆ. ಹಕ್ಕಿ ಮರಿಯನ್ನು ಸ್ಪರ್ಶದಿಂದ, ಮೀನು ನೋಟದಿಂದ, ಆಮೆ ನೆನಹಿನಿಂದ ಬೆಳೆಸುವುದೆಂದು ನಮ್ಮವರು ನಂಬಿದ್ದುದನ್ನೂ, ಮಧುರೆಯ ದೇವಿಗೆ ಮೀನಾಕ್ಷಿಯೆಂಬ ಹೆಸರು ಬಂದುದಕ್ಕೆ ಈ ನಂಬಿಕೆಯನ್ನೇ ಕಾರಣವಾಗಿ ಹೇಳುವವರಿರುವುದನ್ನೂ ತಿಳಿಸಿದೆ. ಮಕ್ಕಳು ಮೆಚ್ಚಿ ಕೇಳಿದರು. ಅನಿಮಿಷ ದೃಷ್ಟಿಯೆಂದರೆ ಎಲ್ಲವನ್ನೂ ಎವೆಯಿಕ್ಕದೆ ಕಾಣುವ ದೃಷ್ಟಿ ಎಂದು ವ್ಯಾಖ್ಯಾನ ಮಾಡಿ ನಾನು ಮನೆಗೆ ಬಂದೆ. ಮನೆಯಲ್ಲಿ ಭೀಮನ ತೊಟ್ಟಿಯ ದೀಪ ಉರಿಯುತ್ತಿತ್ತು. ಬಂದವರು ನೋಡಲೆಂದು ರಾತ್ರಿ ಮಲಗುವವರೆಗೂ, ಮರೆತ ದಿನ ಬೆಳಗಿನವರೆಗೂ ನಾವು ಅದನ್ನು ಉರಿಸುತ್ತಿದ್ದೆವು. ರೆಪ್ಪೆಯಿಲ್ಲದವನಿಗೆ ಕತ್ತಲೆಯೇ ರೆಪ್ಪೆ ಎಂಬುದು ವ್ಯಾಖ್ಯಾನಕಾರನಿಗೆ ಹೊಳೆದಿರಲಿಲ್ಲ.

ಹೋದ ವರ್ಷದ ಆಷಾಢದಲ್ಲಿ ಮಲೆನಾಡಿನ ಮಳೆ ಹಿಡಿಯಿತು. ಮರವೊಂದು ತಂತಿಯ ಮೇಲೆ ಬಿದ್ದು ಊರಿಗೆ ಕರೆಂಟು ಹೋಯಿತು. ಒಂದು ದಿನ, ಎರಡು ದಿನ, ಮೂರು ದಿನ. ನಮಗೆ ಇದು ಹೊಸದಲ್ಲ. ಚಿಮಣಿ ಬುಡ್ಡಿ ಹಚ್ಚಿಕೊಂಡು, ಹಪ್ಪಳ ಸುಟ್ಟುಕೊಂಡು ಇರುವುದನ್ನು ನಾವು ಬಲ್ಲೆವು. ನನ್ನ ಮೇಜಿನ ಮೇಲೆ ಉತ್ತರಪತ್ರಿಕೆಗಳ ಕಂತೆಯಿತ್ತು. ತೊಟ್ಟಿಯ ಫಿಲ್ಟರು ನಿಂತಿದೆಯೆಂಬುದು ಗೊತ್ತಿತ್ತು. ನಿಂತರೇನು, ಕರೆಂಟು ಬಂದೊಡನೆ ತಿರುಗುತ್ತದೆ ಎಂದುಕೊಂಡೆ. ಭೀಮನಿಗೆ ಎಂದಿನಂತೆ ಆರಾರು ಗುಳಿಗೆಗಳು ಬೀಳುತ್ತಿದ್ದವು. ಎರಡನೆಯ ರಾತ್ರಿ ಜಗಲಿಯಲ್ಲಿ ಏನೋ ದಢಾರೆಂದು ಸದ್ದಾಯಿತು. ನಾನು ಬ್ಯಾಟರಿ ಹಿಡಿದು ಹೋಗಿ ನೋಡಿದೆ. ಸಿಡಿಲಿಗೋ ಬೆಳಕಿಗೋ ಬೆದರಿದ ಭೀಮ ತೊಟ್ಟಿಯ ತುಂಬ ಅಪ್ಪಳಿಸಿಕೊಂಡು ಓಡಾಡುತ್ತಿದ್ದ. ನೀರು ನೆಲಕ್ಕೆ ಚೆಲ್ಲಿತ್ತು. ಒರೆಸಿ ಮಲಗಿದೆ.

ಕರೆಂಟು ಬಂದು ಮೂರು ದಿನವಾಗಿತ್ತು. ಬೆಳಿಗ್ಗೆ ನಾನು ಬಸ್ಸಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ. ಆಯಿ ತೊಟ್ಟಿಗೆ ಮೂಗು ತಾಗುವಷ್ಟು ಬಾಗಿ ನಿಂತಿದ್ದವಳು ಕರೆದಳು.

“ತಮಾ, ಕರಿಯನ ಎಡಗಣ್ಣು ನೋಡು. ಬೆಳ್ಳಗೆ ಆಯ್ದು. ಯನ್ನ ಕಣ್ಣಾಂಗೇ ಆಯ್ದು.”

ನೋಡಿದೆ. ಎಡಗಣ್ಣು ಗೋಲಿಯಂತೆ ಉಬ್ಬಿ ಹೊರಬಂದಿತ್ತು. ಅದರ ಮೇಲೆ ಹಾಲಿನ ಕೆನೆಯಂಥ ಮಬ್ಬು. ಭೀಮ ನೀರಿನ ತಳದಲ್ಲಿ ಓರೆಯಾಗಿ ನಿಂತು ಕಿವಿರನ್ನು ಬೇಗಬೇಗ ಆಡಿಸುತ್ತಿದ್ದ. ಆರು ಗುಳಿಗೆಗಳು ಹಾಗೆಯೇ ತೇಲುತ್ತಿದ್ದವು. ನನಗೆ ಗಾಬರಿಯಾಯಿತು. ಇಷ್ಟು ದಿನ ಎದುರಿಗೇ ಇದ್ದ ಪ್ರಾಣಿಯನ್ನು ನಾನು ನೋಡಿಯೇ ಇರಲಿಲ್ಲವಲ್ಲ ಎಂಬ ನಾಚಿಕೆಯೂ ಆಯಿತು. ಆಯಿಯ ಮಾತಿನಲ್ಲಿ ಮೂರು ವಾಕ್ಯಗಳಿದ್ದವು. ನಾನು ಮೊದಲ ಎರಡನ್ನು ಮಾತ್ರ ಕೇಳಿಸಿಕೊಂಡು ಫೋನು ಹುಡುಕಲು ಒಳಗೆ ಓಡಿದೆ.

ಮಂಗಳೂರಿನಲ್ಲಿ ೧೯೬೯ರಲ್ಲಿ ಆರಂಭವಾದ ಮೀನುಗಾರಿಕೆ ಕಾಲೇಜೊಂದಿದೆ. ಹೈಸ್ಕೂಲಿನಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯನೊಬ್ಬ ಅಲ್ಲಿ ಓದಿದವನು. ಅವನಿಗೆ ಫೋನು ಮಾಡಿ, ಕಣ್ಣಿಗೆ ಯಾವ ಔಷಧ ಹಾಕಲಿ ಎಂದು ಕೇಳಿದೆ. ಅವನು ಔಷಧದ ಮಾತೆತ್ತದೆ ಪ್ರಶ್ನೆಗಳನ್ನು ಕೇಳತೊಡಗಿದ. “ಒಂದು ಕಣ್ಣೋ, ಎರಡೂ ಕಣ್ಣೋ? ನೀರು ಯಾವಾಗ ಬದಲಿಸಿದ್ದೆ? ಎಷ್ಟು ಬದಲಿಸಿದ್ದೆ? ಕರೆಂಟು ಎಷ್ಟು ದಿನ ಇರಲಿಲ್ಲ? ತೊಟ್ಟಿಯಲ್ಲಿ ಚೂಪಾದ ಕಲ್ಲಿದೆಯೇ? ಮೀನು ಬೆದರಿತ್ತೇ?” ನಾನು ಕಣ್ಣಿನ ಬಗ್ಗೆ ಹೇಳಹೋದರೆ, ಅವನು ನೀರಿನ ಬಗ್ಗೆ ಕೇಳುತ್ತಿದ್ದ. ಕೊನೆಗೆ ನಾನು ತಾಳ್ಮೆಗೆಟ್ಟು, “ಕಣ್ಣಿನ ವಿಷಯ ಹೇಳು ಮಾರಾಯ” ಎಂದೆ. “ಕಣ್ಣಿನದೇ ಹೇಳುತ್ತಿದ್ದೇನೆ. ಕಣ್ಣಿಗೆ ಮದ್ದು ಹಾಕುವುದು ಆಮೇಲೆ, ಮೊದಲು ನೀರಿಗೆ ಹಾಕು” ಎಂದು ಅವನ ಉತ್ತರ.

ಅವನು ವಿವರಿಸಿದ್ದರ ಸಾರ ಇದು. ಮೀನಿನ ಕಣ್ಣಿನ ಹಿಂದೆ ದ್ರವ ತುಂಬಿಕೊಂಡಾಗ ಕಣ್ಣುಗುಡ್ಡೆ ಮುಂದಕ್ಕೆ ತಳ್ಳಲ್ಪಡುತ್ತದೆ. ಉಬ್ಬುಗಣ್ಣು ತಾನೇ ಒಂದು ರೋಗವಲ್ಲ. ಜ್ವರದಂತೆ, ಒಳಗಿನ ಯಾವುದೋ ರೋಗದ ಚಿಹ್ನೆ. ಒಂದೇ ಕಣ್ಣು ಉಬ್ಬಿದ್ದರೆ ಸಾಮಾನ್ಯವಾಗಿ ಪೆಟ್ಟು ಬಿದ್ದಿರುತ್ತದೆ. ಎರಡೂ ಉಬ್ಬಿದ್ದರೆ ನೀರು ಕೆಟ್ಟಿದೆಯೆಂದೋ, ಹೊಟ್ಟೆಯೊಳಗಿನ ಅಂಗಗಳಿಗೆ ಸೋಂಕು ತಗಲಿದೆಯೆಂದೋ ತಿಳಿಯಬೇಕು. ಕಣ್ಣಿನ ಮೇಲಿನ ಮಬ್ಬಿನಲ್ಲಿಯೂ ಭೇದವಿದೆ. ಹೊರಗಿನ ತೆಳುಪದರ ಮಾತ್ರ ಮಬ್ಬಾಗಿದ್ದರೆ ನೀರು ತಿಳಿಯಾದಂತೆ ಅದೂ ತಿಳಿಯಾಗಬಹುದು. ಒಳಗಿನ ಮಸೂರವೇ ಬೆಳ್ಳಗಾಗಿದ್ದರೆ ಅದು ಪೊರೆ. ಅದು ತಾನಾಗಿ ಕರಗುವುದಿಲ್ಲ. ಆಹಾರದಲ್ಲಿ ಬೇಕಾದ ಸತ್ವಗಳು ಕಡಿಮೆಯಾದರೂ ಮೀನಿಗೆ ಪೊರೆ ಬರುವುದುಂಟು. ಕೆರೆಗಳಲ್ಲಿ ಇನ್ನೊಂದು ಬಗೆಯಿದೆ: ಒಂದು ಸಣ್ಣ ಹುಳು ಬಸವನಹುಳುವಿನ ಮೈಯಲ್ಲಿ ಬೆಳೆದು, ಅಲ್ಲಿಂದ ಮೀನಿನ ಕಣ್ಣಿನ ಮಸೂರಕ್ಕೆ ಸೇರಿ ಅದನ್ನು ಕುರುಡಾಗಿಸುತ್ತದೆ. ಕುರುಡು ಮೀನು ನೀರುಹಕ್ಕಿಗೆ ಸುಲಭದ ತುತ್ತು. ಹುಳುವಿಗೆ ಸೇರಬೇಕಾದದ್ದೂ ಆ ಹಕ್ಕಿಯ ಹೊಟ್ಟೆಯೇ. ನನ್ನ ಭೀಮನದು ಇದಾವುದೂ ಅಲ್ಲವೆಂದೂ, ಆ ರಾತ್ರಿ ಬೆದರಿ ಕಲ್ಲಿಗೆ ಬಡಿದುಕೊಂಡ ಗಾಯವೆಂದೂ, ಗಾಯ ಮಾಯದಂತೆ ಮಾಡಿದ್ದು ಮಾತ್ರ ಕೆಟ್ಟ ನೀರೆಂದೂ ಅವನು ಊಹಿಸಿದ.

ಆದರೆ ನೀರು ಕೆಟ್ಟಂತೆ ಕಾಣುತ್ತಿರಲಿಲ್ಲ. ಗಾಜಿನಷ್ಟೇ ತಿಳಿಯಾಗಿತ್ತು. ಇದೇ ಮೋಸ ಎಂದ ಗೆಳೆಯ. ಮೀನು ಕಿವಿರಿನಿಂದ ಅಮೋನಿಯವನ್ನು ಬಿಡುತ್ತದೆ. ಮಲವೂ ತಿನ್ನದೆ ಉಳಿದ ಆಹಾರವೂ ಕೊಳೆತಾಗಲೂ ಅದೇ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ. ಹೊಳೆಯಲ್ಲಾದರೆ ಹರಿವ ನೀರು ಕೊಚ್ಚಿಕೊಂಡು ಹೋಗುತ್ತದೆ. ತೊಟ್ಟಿಯಲ್ಲಿ ಆ ಕೆಲಸವನ್ನು ಮಾಡುವುದು ಫಿಲ್ಟರಿನ ಸ್ಪಂಜಿನಲ್ಲಿ ಮನೆಮಾಡಿಕೊಂಡ ಸೂಕ್ಷ್ಮಜೀವಿಗಳು. ಒಂದು ಬಗೆಯವು ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ. ಇನ್ನೊಂದು ಬಗೆಯವು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಆ ಜೀವಿಗಳಿಗೂ ಉಸಿರಾಡಲು ಹರಿಯುವ ನೀರು ಬೇಕು. ಮೂರು ದಿನ ಪಂಪು ನಿಂತಾಗ ಅವು ಸತ್ತಿದ್ದವು. ಸತ್ತದ್ದು ಸ್ಪಂಜಿನಲ್ಲಿ ಕೊಳೆಯಿತು. ಕರೆಂಟು ಬಂದೊಡನೆ ಸಂತೋಷದಿಂದ ಗುಂಡಿಯೊತ್ತಿದ ನಾನು ಆ ಕೊಳೆಯನ್ನೆಲ್ಲ ತೊಟ್ಟಿಗೆ ಇಳಿಸಿದ್ದೆ. ಹೊಸ ಜೀವಿಗಳು ಬೇರೂರಲು ವಾರಗಳೇ ಬೇಕು. ಅಲ್ಲಿಯವರೆಗೆ ಆ ಕೆಲಸವನ್ನು ಕೊಡ ಹಿಡಿದು ನಾನೇ ಮಾಡಬೇಕು ಎಂದು ಗೆಳೆಯ ತೀರ್ಪು ಕೊಟ್ಟ.

ಮಾಡಿದೆ. ಹಿಂದಿನ ದಿನವೇ ಬಾವಿಯ ನೀರು ಸೇದಿ ಡ್ರಮ್ಮಿನಲ್ಲಿ ತುಂಬಿಟ್ಟು, ಜಗಲಿಯ ಬಿಸುಪಿಗೆ ಅದು ಹೊಂದಿಕೊಂಡ ಮೇಲೆ, ದಿನಕ್ಕೆ ತೊಟ್ಟಿಯ ನಾಲ್ಕನೆಯ ಒಂದು ಪಾಲನ್ನು ತೆಗೆದು ಹೊಸದನ್ನು ಹಾಕತೊಡಗಿದೆ. ಒಂದೇ ಸಲಕ್ಕೆ ಎಲ್ಲ ನೀರನ್ನೂ ಬದಲಿಸಿದರೆ ಸೊರಗಿದ ಮೀನಿಗೆ ಆ ಬದಲಾವಣೆಯೇ ಮುಳುವಾದೀತೆಂದು ಅವನು ಎಚ್ಚರಿಸಿದ್ದ. ಪಟ್ಟಣದ ನಲ್ಲಿ ನೀರಾಗಿದ್ದರೆ ಅದರ ಕ್ಲೋರಿನ್ನನ್ನೂ ಮೊದಲು ಹೋಗಲಾಡಿಸಬೇಕಿತ್ತು. ಬಾವಿಯ ದಯದಿಂದ ಆ ತಾಪತ್ರಯ ತಪ್ಪಿತು. ತೊಟ್ಟಿಯ ಅಂದಕ್ಕೆಂದು ಇಟ್ಟಿದ್ದ ಮೊನಚು ಕಲ್ಲುಗಳನ್ನೆಲ್ಲ ಹೊರಗೆ ತೆಗೆದೆ. ಮೂರು ದಿನ ಉಪವಾಸ. ರಾತ್ರಿ ದೀಪ ಬಂದ್. ಊತ ಇಳಿಯಲೆಂದು ಮೆಗ್ನೀಶಿಯಂ ಸಲ್ಫೇಟನ್ನು ಅವನು ಹೇಳಿದ ಅಳತೆಯಲ್ಲಿ ಕರಗಿಸಿ ಹಾಕಿದೆ. ಈ ಹೆಸರು ಕೇಳಿದೊಡನೆ ನನಗೆ ತೋಟದ ಕೊಟ್ಟಿಗೆಯಲ್ಲಿದ್ದ ಗೊಬ್ಬರದ ಚೀಲ ನೆನಪಾಗಿತ್ತು. ಅಡಿಕೆ ಮರಕ್ಕೆ ನಾವು ಹಾಕುವುದೂ ಅದನ್ನೇ. “ಗೊಬ್ಬರದ ಚೀಲಕ್ಕೆ ಕೈ ಹಾಕಬೇಡ, ಔಷಧದ ಅಂಗಡಿಯಿಂದ ಶುದ್ಧವಾದದ್ದನ್ನು ತಾ” ಎಂದು ಗೆಳೆಯ ಮೊದಲೇ ತಡೆದ. ಕಂಡ ಕಂಡ ಆ್ಯಂಟಿಬಯೋಟಿಕ್ ಗುಳಿಗೆ ಪುಡಿಮಾಡಿ ಹಾಕುವವರಿದ್ದಾರೆಂದೂ, ಹಾಗೆ ಮಾಡಿದರೆ ಫಿಲ್ಟರಿನಲ್ಲಿ ಅಳಿದುಳಿದ ಸೂಕ್ಷ್ಮಜೀವಿಗಳೂ ಸಾಯಬಹುದೆಂದೂ ಹೇಳಿದ.

ನೆರೆಮನೆಯ ಹಿರಿಯರೊಬ್ಬರು ನನ್ನ ನೀರು ಹೊರುವ ಪಾಡನ್ನು ನೋಡಿ, “ಇಷ್ಟೆಲ್ಲ ಯಾಕೆ? ಶಾಲ್ಮಲೆಗೋ ಯಾವುದಾದರೂ ಕೆರೆಗೋ ಬಿಟ್ಟುಬಿಡು, ಪುಣ್ಯ ಬಂತು” ಎಂದರು. ನನಗೂ ಒಂದು ಗಳಿಗೆ ಅದು ಸರಿಯೆನಿಸಿತು. ಗೆಳೆಯನಿಗೆ ಹೇಳಿದಾಗ ಅವನು ಕೆರಳಿದ. ಅಮೆಜಾನಿನ ಈ ಬೇಟೆಗಾರ ನಮ್ಮ ಕೆರೆಯಲ್ಲಿ ಬದುಕಿದರೆ ನಮ್ಮ ಮೀನಿನ ಮರಿಗಳಿಗೆ ಉಳಿಗಾಲವಿಲ್ಲ. ಬದುಕದಿದ್ದರೆ ನಾನು ಅದನ್ನು ಕೊಂದಂತೆ. ಹೀಗೆ ತೊಟ್ಟಿ ತುಂಬಿತೆಂದು ಯಾರೋ ಬಿಟ್ಟ ಹೊರದೇಶದ ಮೀನುಗಳು ದೇಶದ ಎಷ್ಟೋ ಕೆರೆಗಳಲ್ಲಿ ಬೆಳೆದು ಉಪದ್ರವವಾಗಿವೆ. ಬಿಡುವುದರಲ್ಲಿ ಯಾವಾಗಲೂ ಪುಣ್ಯವಿಲ್ಲ ಎಂದು ಆ ದಿನ ಕಲಿತೆ.

ದಿನವೂ ರಾತ್ರಿ ಊಟವಾದ ಮೇಲೆ ಗೆಳೆಯನಿಗೆ ವರದಿ ಒಪ್ಪಿಸುವುದು ಪರಿಪಾಠವಾಯಿತು. ಆಯಿಗೂ ಕೇಳಲೆಂದು ಫೋನನ್ನು ಗಟ್ಟಿಯಾಗಿ ಹಾಕುತ್ತಿದ್ದೆ. ಒಂದು ರಾತ್ರಿ ಅವನು ಅರೊವಾನಾ ಎಂಬ ಮೀನಿನ ಕತೆ ಹೇಳಿದ. ವಾಸ್ತುವಿಗೆ ಒಳ್ಳೆಯದೆಂದು ಬೆಂಗಳೂರಿನ ಸಿರಿವಂತರು ಕೊಳ್ಳುವ ಮೀನದು. ಬೆಳೆದರೆ ಎರಡಡಿಯನ್ನೂ ಮೀರುತ್ತದೆ. ಹುಟ್ಟುನೆಲೆಯಲ್ಲಿ ಅದು ನೀರಿನ ಮೇಲ್ಮೈಯಲ್ಲಿ ತಿರುಗುತ್ತ, ಮೇಲಿನ ಕೊಂಬೆಯ ಹುಳುವಿಗೆ ಕಣ್ಣಿಟ್ಟು ನೆಗೆದು ಹಿಡಿಯುವಂಥದು. ಗಾಜಿನ ತೊಟ್ಟಿಯಲ್ಲಿ ಕೆಲವು ವರ್ಷ ಕಳೆದರೆ ಅವುಗಳಲ್ಲಿ ಅನೇಕಕ್ಕೆ ಒಂದು ಕಣ್ಣೋ ಎರಡೋ ಕೆಳಮುಖವಾಗಿ ಜೋತುಬೀಳುತ್ತವೆ. ಮೇಲೆ ನೋಡಲು ಏನೂ ಇಲ್ಲದೆ ಸದಾ ಕೆಳಗಿನ ಚಲನೆಯನ್ನೂ ಪ್ರತಿಬಿಂಬವನ್ನೂ ನೋಡಿ ನೋಡಿ ಹೀಗಾಗುತ್ತದೆನ್ನುವವರು ಕೆಲವರು. ಕೊಬ್ಬಿನ ಆಹಾರದಿಂದ ಕಣ್ಣಿನ ಹಿಂದೆ ಕೊಬ್ಬು ಸೇರುತ್ತದೆನ್ನುವವರು ಕೆಲವರು. ಒಮ್ಮತವಿಲ್ಲ. ಏಷ್ಯದ ಅರೊವಾನಾ ಕಾಡಿನಲ್ಲಿ ಅಳಿಯುತ್ತ ಬಂದುದರಿಂದ ೧೯೭೫ರಿಂದ ಅದರ ವ್ಯಾಪಾರದ ಮೇಲೆ ಅಂತರರಾಷ್ಟ್ರೀಯ ಕಟ್ಟುಪಾಡಿದೆ, ಬೆಲೆ ಆಕಾಶಕ್ಕೇರಿದೆ. ಆದ್ದರಿಂದ ಸಿಂಗಪುರದಲ್ಲಿ ಜೋತ ಕಣ್ಣನ್ನು ಮೇಲೆತ್ತುವ ಶಸ್ತ್ರಚಿಕಿತ್ಸೆ ಮಾಡುವವರೇ ಇದ್ದಾರೆ. ಅದು ಮೀನಿನ ದೃಷ್ಟಿಗಾಗಿ ಅಲ್ಲ, ಧಣಿಯ ಕಣ್ಣಿಗೆ ಚೆಂದ ಕಾಣಲೆಂದು.

“ಮೀನಿಗೂ ಕಣ್ಣು ಆಪರೇಶನ್ ಮಾಡ್ತ್ವಾ?” ಆಯಿ ಕತ್ತಲೆಯ ಮೂಲೆಯಿಂದ ಕೇಳಿದಳು. ಮಾಡುತ್ತಾರೆ ಆಯಿ, ನೀರಿಗೆ ಔಷಧ ಹಾಕಿ ಮೊದಲು ನಿದ್ರೆ ಬರಿಸುತ್ತಾರೆ, ಲವಂಗದ ಎಣ್ಣೆಯಿಂದಲೂ ಮೀನಿಗೆ ಮಂಪರು ಬರಿಸುವುದುಂಟು ಎಂದು ಗೆಳೆಯ ಆ ತುದಿಯಿಂದ ಉತ್ತರಿಸಿದ. “ನೋವಾಗ್ತಿಲ್ಯಾ ಅದಕ್ಕೆ?” ಇಲ್ಲವೆಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಯಿ ಮತ್ತೆ ಕೇಳಿದಳು: “ಮಾಡಿದ ಮೇಲೆ ಕಾಣ್ತಾ?”

ಆ ಮೂರನೆಯ ಪ್ರಶ್ನೆ ಮೀನಿನ ಕುರಿತದ್ದಾಗಿರಲಿಲ್ಲ. ಫೋನು ಇಟ್ಟ ಮೇಲೆ ನನಗೆ ಹನ್ನೆರಡು ದಿನಗಳ ಹಿಂದಿನ ಬೆಳಗು ನೆನಪಾಯಿತು. ‘ಯನ್ನ ಕಣ್ಣಾಂಗೇ ಆಯ್ದು.’ ಹಳಗನ್ನಡದ ಪದ್ಯದಲ್ಲಿ ಅಡಗಿದ ಶ್ಲೇಷೆಯನ್ನು ಹುಡುಕಿ ಮಕ್ಕಳಿಗೆ ತೋರಿಸುವ ನನಗೆ, ಹೆತ್ತವಳು ಮನೆಮಾತಿನಲ್ಲಿ ಮುಚ್ಚುಮರೆಯಿಲ್ಲದೆ ಆಡಿದ ಒಂದು ವಾಕ್ಯ ಕೇಳಿಸಿರಲಿಲ್ಲ. ದೀಪ ಹಿಡಿದುಕೊಂಡು ಹೋಗಿ ಆಯಿಯ ಎದುರು ಕುಳಿತೆ. ಎಡಗಣ್ಣಿನ ಪಾಪೆ ಬೂದಿಯಂತೆ ಬೆಳ್ಳಗಿತ್ತು.

“ಯಾವಾಗಿಂದ ಆಯಿ?”

“ಹೋದ ದೀಪಾವಳಿಯಿಂದ. ಅದರ ಮೊದಲೂ ಮಂಜು ಮಂಜು ಇತ್ತು.”

“ಹೇಳಲಿಲ್ಲವಲ್ಲ?”

“ನಿಂಗೆ ಪುರಸೊತ್ತು ಎಲ್ಲಿತ್ತು? ಇನ್ನೊಂದರಲ್ಲಿ ಕಾಣ್ತಲ.”

ಆಮೇಲೆ ಒಂದೊಂದಾಗಿ ನೆನಪಾಯಿತು. ಆರು ಗುಳಿಗೆಗಳನ್ನು ಅವಳು ಕಣ್ಣಿನಿಂದಲ್ಲ, ಬೆರಳಿನಿಂದ ಎಣಿಸುತ್ತಿದ್ದಳು. ಅಕ್ಕಿ ಆರಿಸುವುದನ್ನು ನನ್ನಾಕೆಗೆ ಬಿಟ್ಟಿದ್ದಳು. ವಾರಪತ್ರಿಕೆಯ ಧಾರಾವಾಹಿಯನ್ನು ಮೊಮ್ಮಗಳಿಂದ ಓದಿಸಿಕೊಳ್ಳುತ್ತಿದ್ದಳು. ಮಗುವಿಗೆ ಓದು ಬರಲಿ ಎಂದಲ್ಲವೇ ಎಂದು ನಾವು ಮೆಚ್ಚಿಕೊಂಡಿದ್ದೆವು. ಮೀನಿನ ಮುಂದೆ ಅಷ್ಟು ಬಾಗಿ ನಿಲ್ಲುತ್ತಿದ್ದುದು ಪ್ರೀತಿಯಿಂದ ಎಂದು ತಿಳಿದಿದ್ದೆವು. ಮತ್ಸ್ಯಯಂತ್ರದ ಕೆಳಗೆ ನಿಂತ ಅರ್ಜುನನಿಗೆ ಮೀನಿನ ಕಣ್ಣಲ್ಲದೆ ಬೇರೇನೂ ಕಾಣಲಿಲ್ಲವೆಂದು ಹರಿದಾಸರು ಹೊಗಳುತ್ತಾರೆ. ನನಗೂ ಹನ್ನೆರಡು ದಿನ ಮೀನಿನ ಕಣ್ಣಲ್ಲದೆ ಬೇರೇನೂ ಕಂಡಿರಲಿಲ್ಲ. ಅದು ಹೊಗಳಿಕೆಯ ಮಾತೇನೂ ಅಲ್ಲವೆಂದು ಆ ರಾತ್ರಿ ಅನಿಸಿತು.

ಆಯಿಯ ಹೆದರಿಕೆಗೆ ಕಾರಣವಿತ್ತು. ೧೯೮೦ರ ದಶಕದಲ್ಲಿ ಅವಳ ಅತ್ತೆಗೆ, ಎಂದರೆ ನನ್ನ ಅಜ್ಜಿಗೆ, ಒಂದು ನೇತ್ರಶಿಬಿರದಲ್ಲಿ ಪೊರೆ ತೆಗೆದಿದ್ದರು. ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ನಡೆಸಿದ ಶಿಬಿರಗಳಿಂದ ಕರ್ನಾಟಕದ ಹಳ್ಳಿಹಳ್ಳಿಗೂ ಕಣ್ಣಿನ ಶಸ್ತ್ರಚಿಕಿತ್ಸೆ ಪರಿಚಿತವಾಗಿದ್ದ ಕಾಲವದು. ಅಜ್ಜಿಗೆ ಕಣ್ಣು ಬಂತು. ಆದರೆ ಆಗಿನ ಕ್ರಮದಂತೆ ತಲೆ ಅಲುಗಿಸದೆ ದಿನಗಟ್ಟಲೆ ಮಲಗಬೇಕಾಯಿತು; ತೆಗೆದ ಮಸೂರದ ಬದಲಿಗೆ ಸೋಡಾಬಾಟಲಿಯ ತಳದಂಥ ದಪ್ಪ ಕನ್ನಡಕ ಮೂಗಿನ ಮೇಲೆ ಬಂತು. ಸೊಸೆಯಾಗಿ ಬಂದ ಹೊಸತರಲ್ಲಿ ಆ ಶುಶ್ರೂಷೆಯನ್ನೆಲ್ಲ ಮಾಡಿದವಳು ಆಯಿಯೇ. ಅದು ಅವಳ ಮನಸ್ಸಿನಲ್ಲಿ ಹಾಗೆಯೇ ಉಳಿದಿತ್ತು. ತಾನು ಮಲಗಿದರೆ ಮನೆಯ ಗತಿಯೇನು ಎಂಬುದು ಅವಳ ಲೆಕ್ಕ.

ಈಗ ಹಾಗಿಲ್ಲವೆಂದು ಅವಳಿಗೆ ತಿಳಿಯಹೇಳಲು ನನಗೆ ಭೀಮನೇ ನೆರವಾದ. ಮೀನಿನ ಕಣ್ಣಿನ ಮಸೂರ ಗೋಲಿಯಂತೆ ಉರುಟು. ಹತ್ತಿರ ದೂರಗಳನ್ನು ನೋಡಲು ಮೀನು ಆ ಗೋಲಿಯನ್ನೇ ಹಿಂದುಮುಂದು ಸರಿಸುತ್ತದೆ. ನಮ್ಮದು ಚಪ್ಪಟೆ, ಆಕಾರ ಬದಲಿಸುತ್ತದೆ. ವಯಸ್ಸಾದಂತೆ ಅದು ಮಬ್ಬಾಗುವುದೇ ಪೊರೆ. ೧೯೪೯ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಮಬ್ಬಾದ ಮಸೂರದ ಜಾಗದಲ್ಲಿ ಪ್ಲಾಸ್ಟಿಕ್ಕಿನ ಮಸೂರವನ್ನು ಇಟ್ಟರು. ಯುದ್ಧವಿಮಾನದ ಗಾಜಿನಂಥ ಪ್ಲಾಸ್ಟಿಕ್ಕಿನ ಚೂರುಗಳು ಚಾಲಕರ ಕಣ್ಣಿನಲ್ಲಿ ಸ್ವಸ್ಥವಾಗಿ ಉಳಿದುದನ್ನು ನೋಡಿ ಅವರಿಗೆ ಇದು ಹೊಳೆದಿತ್ತಂತೆ. ಈಗ ಅರ್ಧ ಗಂಟೆಯೂ ಹಿಡಿಯದ ಕೆಲಸ. ಅದೇ ದಿನ ಮನೆಗೆ ಬರಬಹುದು. ಆಯಿ ಎಲ್ಲವನ್ನೂ ಕೇಳಿ, “ಕರಿಯನಿಗೆ ಗುಣ ಆಗ್ಲಿ, ಆಮೇಲೆ ನೋಡನ” ಎಂದಳು. ಈ ಸಲ ನಾನು ಕಾಯಲಿಲ್ಲ. ಮರುವಾರವೇ ರಜೆ ಹಾಕಿ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಭೀಮನ ಕತೆಯನ್ನು ಮುಗಿಸಬೇಕು. ಮೂರನೆಯ ವಾರಕ್ಕೆ ಊತ ಇಳಿಯಿತು. ಮೇಲಿನ ಮಬ್ಬು ಹರಿಯಿತು. ಒಳಗೆ ಮಾತ್ರ ಸಾಸಿವೆಯಷ್ಟು ದೊಡ್ಡ ಬಿಳಿ ಉಳಿಯಿತು. ಆ ಕಣ್ಣು ಮತ್ತೆ ಬರಲಿಲ್ಲ. ಒಂದು ಕಣ್ಣಿನಲ್ಲಿ ಮೀನು ಸುಖವಾಗಿ ಬಾಳಬಲ್ಲುದೆಂದು ಗೆಳೆಯ ಹೇಳಿದ್ದು ನಿಜವಾಯಿತು. ಎಡಕ್ಕೆ ಬಿದ್ದ ಗುಳಿಗೆ ಭೀಮನಿಗೆ ಕಾಣುವುದಿಲ್ಲ. ಒಂದು ಸುತ್ತು ಹಾಕಿ ಬಲಗಡೆಯಿಂದ ಬಂದು ಹಿಡಿಯುತ್ತಾನೆ. ಈ ಮಳೆಗಾಲಕ್ಕೆ ಮುಂಚೆ ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪೊಂದನ್ನು ತಂದಿಟ್ಟಿದ್ದೇನೆ. ವಾರಕ್ಕೊಮ್ಮೆ ಕಾಲು ಪಾಲು ನೀರು ಬದಲಿಸುವುದು ನನ್ನ ಭಾನುವಾರದ ವ್ರತ. ಸಂಜೆ ಏಳರ ನಂತರ ದೀಪವಿಲ್ಲ.

ಆಯಿಯ ಕಣ್ಣಿಗೆ ಕಟ್ಟಿದ್ದ ಪಟ್ಟಿ ಮರುದಿನವೇ ಬಿಚ್ಚಿತು. ಒಂದೆರಡು ವಾರ ಕರಿ ಕನ್ನಡಕ, ಹೊತ್ತುಹೊತ್ತಿಗೆ ಹನಿ ಔಷಧ, ಒಲೆಯ ಹೊಗೆಗೆ ಹೋಗಕೂಡದೆಂಬ ಕಟ್ಟಳೆ. ತಿಂಗಳು ಕಳೆದು ಕಪ್ಪು ಕನ್ನಡಕ ತೆಗೆದ ದಿನ ಬೆಳಿಗ್ಗೆ, ಅವಳು ಹೂವಿನ ಬುಟ್ಟಿ ಇಳಿಸಿ ತೊಟ್ಟಿಯ ಮುಂದೆ ನಿಂತಳು. ಬಾಗಲಿಲ್ಲ, ನೆಟ್ಟಗೇ ನಿಂತಿದ್ದಳು. ಭೀಮ ಒಂದು ಸುತ್ತು ಹಾಕಿ, ತನ್ನ ಬಲಗಡೆಯನ್ನು ಅವಳತ್ತ ತಿರುಗಿಸಿಕೊಂಡು ಗಾಜಿಗೆ ಬಂದ. ಕಿಟಕಿಯ ಬೆಳಕು ಅವನ ಮೇಲೆ ಬಿದ್ದಿತ್ತು. ಆಯಿ ಬಹಳ ಹೊತ್ತು ನೋಡಿದಳು.

“ಕೂಸೆ, ಇಲ್ಲಿ ಬಾ” ಎಂದು ಮೊಮ್ಮಗಳನ್ನು ಕರೆದಳು. “ಇದರ ಮೈಮೇಲೆ ಇಷ್ಟು ಕೆಂಪು ಇದ್ದಾ? ಆನು ಇದು ಬರೀ ಕರೀ ಮೀನು ಹೇಳಿ ಮಾಡಿದ್ದಿ.”

ಮಗಳು ನಕ್ಕಳು. ನಾನು ಬಸ್ಸಿಗೆ ತಡವಾಗುತ್ತದೆಂದು ಎದ್ದವನು ಮತ್ತೆ ಜಗಲಿಯ ಮೇಲೆ ಕುಳಿತುಕೊಂಡೆ. ಆ ದಿನ ಎರಡನೆಯ ಬಸ್ಸಿಗೆ ಹೋದೆ.